ಬೆಳಕು ಹಿಂಡುವ ಬಂಗಾರ

ಪರೀಕ್ಷಾ ಪಟ್ಟಿಯ ಕೆಂಪು ಗೆರೆಗೂ ಡೇಟಾ ಸೆಂಟರಿನ ಹಾರ್ಡ್ ಡಿಸ್ಕಿಗೂ ಏನು ನಂಟು? ಎರಡರಲ್ಲೂ ಚಿನ್ನದ ಚೂರೊಂದು ಬೆಳಕನ್ನು ಹಿಡಿದು ಹಿಂಡುತ್ತಿದೆ. ಈ ವಿದ್ಯೆ ಕಂಪ್ಯೂಟರನ್ನೇ ಬದಲಿಸಲಿದೆ ಎಂದಿದ್ದರು. ಬದಲಿಸಲಿಲ್ಲ. ಆದರೆ ಯಾವುದನ್ನು ಲೋಹದ ದೋಷ ಎಂದು ದೂರಿದರೋ, ಅದೇ ಈಗ ಅದಕ್ಕೆ ಅನ್ನ ಹಾಕುತ್ತಿದೆ.

ಬೆಳಗಿನ ಐದೂವರೆ. ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ಬಚ್ಚಲಮನೆಯ ಕಿಟಕಿಕಟ್ಟೆಯ ಮೇಲೆ ಬೆರಳುದ್ದದ ಬಿಳಿ ಪಟ್ಟಿಯೊಂದಿದೆ. ಅದರ ಪುಟ್ಟ ಕುಳಿಗೆ ಮೂರು ಹನಿ ಬಿಟ್ಟವಳು ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಒದ್ದೆಯು ಕಾಗದದ ಮೇಲೆ ತೆವಳುತ್ತ ಮುಂದೆ ಹೋಗುತ್ತದೆ. ಒಂದು ಗೆರೆ ಮೂಡಿತು. ಅದು ಮೂಡಲೇಬೇಕಾದದ್ದು, ಪಟ್ಟಿ ಕೆಟ್ಟಿಲ್ಲ ಎಂದು ಹೇಳುವುದಷ್ಟೇ ಅದರ ಕೆಲಸ. ಆಮೇಲೆ, ಇದೆಯೋ ಇಲ್ಲವೋ ಎಂಬಂತೆ ಇನ್ನೊಂದು. ಮೊದಲು ಮಸುಕು ಗುಲಾಬಿ, ನೋಡನೋಡುತ್ತ ಕೆಂಪು.

ಆ ಕೆಂಪು ಶಾಯಿಯದಲ್ಲ, ಬಣ್ಣದ ಪುಡಿಯದೂ ಅಲ್ಲ. ಇಂಥ ಅನೇಕ ಪಟ್ಟಿಗಳಲ್ಲಿ ಅದು ಚಿನ್ನ. ಸುಮಾರು 40 ನ್ಯಾನೊಮೀಟರ್ ಅಗಲದ ಚಿನ್ನದ ಗುಂಡುಗಳು ಮೈಮೇಲೆ ಪ್ರತಿಕಾಯಗಳನ್ನು ಹೊದ್ದು ಒದ್ದೆಯ ಜೊತೆ ಹರಿದುಬರುತ್ತವೆ. ಹುಡುಕುತ್ತಿರುವ ಹಾರ್ಮೋನು ಸಿಕ್ಕರೆ ಗೆರೆಯ ಜಾಗದಲ್ಲಿ ಅಂಟಿಕೊಂಡು ಗುಂಪುಗೂಡುತ್ತವೆ, ಆ ಗುಂಪು ನಮ್ಮ ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ಕೋವಿಡ್ ದಿನಗಳಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಹದಿನೈದು ನಿಮಿಷ ಕಾದ ಜನ ನೋಡಿದ್ದು ಬಹುಪಾಲು ಇದೇ ಗೆರೆಯನ್ನು. (ಕೆಲವು ಕಂಪನಿಗಳು ಚಿನ್ನದ ಬದಲು ಬಣ್ಣದ ಲ್ಯಾಟೆಕ್ಸ್ ಮಣಿ ಬಳಸುತ್ತವೆ, ಅವುಗಳ ಗೆರೆ ನೀಲಿಯೂ ಇರಬಹುದು.) ಫಲಿತಾಂಶ ನೋಡಿದ ಮೇಲೆ ಪಟ್ಟಿ ಕಸದ ಬುಟ್ಟಿಗೆ ಹೋಗುತ್ತದೆ. ಬಂಗಾರದ ಬೆಲೆ ಕೇಳಿ ಬೆಚ್ಚುವ ನಾಡು, ಬಂಗಾರವನ್ನು ಹೀಗೆ ಯೋಚಿಸದೆ ಎಸೆಯುವುದು ಇದೊಂದೇ ಸಂದರ್ಭದಲ್ಲಿ ಇದ್ದೀತು.

ಚಿನ್ನ ಹಳದಿಯಲ್ಲವೇ, ಕೆಂಪಾದದ್ದು ಹೇಗೆ? ಅಕ್ಕಸಾಲಿಗನ ಒರೆಗಲ್ಲು ನಿಂತಿರುವುದೇ ಚಿನ್ನದ ಬಣ್ಣ ಚಿನ್ನದ ಗುಣ ಎಂಬ ನಂಬಿಕೆಯ ಮೇಲೆ. ಕೈಯಲ್ಲಿ ಹಿಡಿಯಬಹುದಾದ ಚಿನ್ನಕ್ಕೆ ಆ ನಂಬಿಕೆ ಸರಿ. ಆದರೆ ಚೂರು ಬೆಳಕಿನ ತರಂಗಕ್ಕಿಂತಲೂ ಚಿಕ್ಕದಾದಾಗ ಬಣ್ಣವನ್ನು ನಿರ್ಧರಿಸುವುದು ಲೋಹದ ಜಾತಿ ಮಾತ್ರವಲ್ಲ. ಅದರ ಗಾತ್ರ, ಆಕಾರ, ಪಕ್ಕದಲ್ಲಿ ಯಾರಿದ್ದಾರೆ ಎಂಬ ಸಂಗತಿಗಳೂ ಸೇರಿಕೊಳ್ಳುತ್ತವೆ. ಪಂಚಮಿಯ ಜೋಕಾಲಿಯನ್ನು ನೆನಪಿಸಿಕೊಳ್ಳಿ. ಹಗ್ಗದ ಉದ್ದಕ್ಕೆ ತಕ್ಕ ಲಯ ಅದಕ್ಕಿದೆ. ಆ ಲಯಕ್ಕೆ ಸರಿಯಾಗಿ ಬೆರಳಿನಿಂದ ನೂಕಿದರೂ ಜೋಕಾಲಿ ಮುಗಿಲಿಗೇರುತ್ತದೆ, ಲಯ ತಪ್ಪಿ ಎಷ್ಟು ಬಲ ಹಾಕಿದರೂ ಇಲ್ಲ. ಚಿನ್ನದ ಗುಂಡಿನೊಳಗೆ ಎಲೆಕ್ಟ್ರಾನುಗಳ ಒಂದು ಕೊಳವೇ ಇದೆ. ಬೆಳಕಿನ ವಿದ್ಯುತ್ ಕ್ಷೇತ್ರ ಆ ಕೊಳವನ್ನು ಒಂದು ಬದಿಗೆ ತಳ್ಳಿದರೆ, ಹಿಂದುಳಿದ ಧನಾವೇಶ ಅದನ್ನು ಮರಳಿ ಎಳೆಯುತ್ತದೆ. ಹೀಗೆ ಹೋಗಿಬರುವ ಈ ತೂಗಾಟಕ್ಕೂ ತನ್ನದೇ ಲಯವಿದೆ: ಚಿನ್ನದ ಪುಟ್ಟ ಗುಂಡಿನಲ್ಲಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ ಆರು ಕೋಟಿ ಕೋಟಿ ಬಾರಿ, ಅಂದರೆ ಹಸಿರು ಬೆಳಕಿನ ಲಯ. ಬಿಳಿ ಬೆಳಕಿನಲ್ಲಿರುವ ಹಸಿರನ್ನು ಗುಂಡು ಗಬಕ್ಕನೆ ನುಂಗಿದರೆ ಉಳಿದು ನಮ್ಮ ಕಣ್ಣಿಗೆ ಬರುವುದು ಕೆಂಪು. ಎಲೆಕ್ಟ್ರಾನುಗಳ ಈ ಸಾಮೂಹಿಕ ತೂಗಾಟಕ್ಕೆ ಭೌತಶಾಸ್ತ್ರಜ್ಞರು ಇಟ್ಟ ಹೆಸರು ಪ್ಲಾಸ್ಮಾನ್. ಬೆಳ್ಳಿಯ ಗುಂಡಿನ ಲಯ ನೇರಳೆಯ ಕಡೆಗಿದೆ, ಹಾಗಾಗಿ ಬೆಳ್ಳಿಯ ಗುಂಡುಗಳು ತೇಲುವ ದ್ರವ ಹಳದಿ. ಅಂದರೆ ಈ ಲೋಕದಲ್ಲಿ ಬಂಗಾರ ಕೆಂಪು, ಬೆಳ್ಳಿ ಹಳದಿ! ಗುಂಡಿನ ಬದಲು ಕಡ್ಡಿಯ ಆಕಾರ ಕೊಟ್ಟರೆ ಚಿನ್ನದ ಲಯ ಕೆಂಪನ್ನೂ ದಾಟಿ ಕಣ್ಣಿಗೆ ಕಾಣದ ಅವಕೆಂಪಿಗೆ ಇಳಿಯುತ್ತದೆ.

ಅಳತೆಗೋಲು
ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಹಸಿರು ಬೆಳಕಿನ ತರಂಗದೂರ ಸುಮಾರು 520. ಪಟ್ಟಿಯಲ್ಲಿರುವ ಚಿನ್ನದ ಗುಂಡು 40. ಅಷ್ಟು ಚಿಕ್ಕ ಗುಂಡಿನಲ್ಲೂ 20 ಲಕ್ಷದಷ್ಟು ಪರಮಾಣುಗಳಿರುತ್ತವೆ.

ಇದನ್ನು ಮೊದಲು ಗಂಭೀರವಾಗಿ ಕೆದಕಿದವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಮಹಾ ಸಂಶೋಧನೆಗಳೆಲ್ಲ ಮುಗಿದು ವಯಸ್ಸು ಅರವತ್ತು ದಾಟಿದ ಮೇಲೆ ಆತ ಚಿನ್ನದ ರೇಕುಗಳ ಬೆನ್ನುಹತ್ತಿದ. ಬಡಿದು ಬಡಿದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗಾದ ರೇಕನ್ನು ಬೆಳಕಿಗೆ ಹಿಡಿದರೆ ಅದರಾಚೆಯ ಲೋಕ ಹಸಿರಾಗಿ ಕಾಣುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟಕ್ಕೆ ಅಂಟಿಸುವಂಥದೇ ಚಿನ್ನದ ರೇಕು. ಆದರೆ ಹಲಗೆಗೆ ಅಂಟಿದ ರೇಕಿನ ಹಿಂದೆ ಬೆಳಕಿಲ್ಲದ್ದರಿಂದ ಆ ಹಸಿರು ನಮಗೆ ಕಾಣುವುದಿಲ್ಲ. ಫ್ಯಾರಡೆ ಚಿನ್ನದ ಲವಣವನ್ನು ರಂಜಕದಿಂದ ಒಡೆದು ಮಾಣಿಕ್ಯದಂಥ ಕೆಂಪು ದ್ರವ ತಯಾರಿಸಿದ. ಅದರೊಳಗೆ ಬೆಳಕಿನ ಕಿರಣ ಬಿಟ್ಟಾಗ ಕಿರಣದ ಜಾಡು ಎದ್ದು ಕಂಡಿತು. ಇದು ದ್ರಾವಣವಲ್ಲ, ಕಣ್ಣಿಗೆ ನಿಲುಕದಷ್ಟು ಸಣ್ಣ ಲೋಹದ ಕಣಗಳು ತೇಲುತ್ತಿವೆ ಎಂದು ಆತ ಊಹಿಸಿದ. 1857ರ ಫೆಬ್ರುವರಿಯಲ್ಲಿ ರಾಯಲ್ ಸೊಸೈಟಿಯ ಮುಂದೆ ಮಾಡಿದ ಉಪನ್ಯಾಸದಲ್ಲಿ ಇದನ್ನೆಲ್ಲ ಇಟ್ಟ. ಆ ದ್ರವದ ಬಾಟಲಿಗಳಲ್ಲಿ ಕೆಲವು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇನ್ನೂ ಉಳಿದಿವೆ. ಊಹೆಗೆ ಗಣಿತದ ಬೆನ್ನೆಲುಬು ಕೊಟ್ಟದ್ದು 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ. ಗುಂಡಿನ ಗಾತ್ರ ಹೇಳಿದರೆ ಬಣ್ಣ ಹೇಳುವ ಸಮೀಕರಣಗಳು ಅವನವು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಫ್ಯಾರಡೆಗಿಂತ ಸಾವಿರದೈನೂರು ವರ್ಷ ಮೊದಲೇ ಇದು ಗೊತ್ತಿತ್ತಲ್ಲ ಎಂಬುದು ಆ ಆಕ್ಷೇಪ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಲೈಕರ್ಗಸ್ ಬಟ್ಟಲನ್ನು ಸಾಕ್ಷಿಗೆ ಕರೆಯುತ್ತಾರೆ. ನಾಲ್ಕನೆಯ ಶತಮಾನದ ರೋಮನ್ ಗಾಜಿನ ಬಟ್ಟಲು ಅದು. ಎದುರಿನಿಂದ ಬೆಳಕು ಬಿದ್ದಾಗ ಹಸಿರು, ಒಳಗಿನಿಂದ ಬೆಳಗಿದರೆ ಕೆಂಪು. 1990ರಲ್ಲಿ ಪ್ರಕಟವಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆ ಗಾಜಿನೊಳಗೆ 70 ನ್ಯಾನೊಮೀಟರ್ ಆಸುಪಾಸಿನ ಚಿನ್ನ-ಬೆಳ್ಳಿಯ ಕಣಗಳನ್ನು ತೋರಿಸಿತು. ಹಾಗಾದರೆ ರೋಮನ್ನರು ನ್ಯಾನೊ ತಂತ್ರಜ್ಞರೇ? ನಮ್ಮಲ್ಲೂ ಭಸ್ಮ, ಪಾಕಗಳನ್ನು ಮುಂದಿಟ್ಟು ಇಂಥದೇ ಮಾತು ಆಡುವವರಿದ್ದಾರೆ. ನನ್ನ ಉತ್ತರ, ಇಲ್ಲ. ಗಾಜಿನಲ್ಲಿ ಚಿನ್ನ ಇದ್ದದ್ದು ಹತ್ತು ಲಕ್ಷ ಪಾಲಿನಲ್ಲಿ ಸುಮಾರು 40 ಪಾಲು. ಅಷ್ಟು ಕಡಿಮೆ ಚಿನ್ನವನ್ನು ಬೇಕೆಂದೇ ಅಳೆದು ಬೆರೆಸಿದರು ಎಂದು ನಂಬುವುದು ಕಷ್ಟ, ಇಂಥ ರೋಮನ್ ಗಾಜಿನ ಮಾದರಿಗಳು ಸಿಕ್ಕಿರುವುದೂ ಬೆರಳೆಣಿಕೆಯಷ್ಟು. ಹದ ಕೈಗೆ ಹತ್ತಿದ್ದರೆ ಬಟ್ಟಲುಗಳು ಸಂತೆಗೆ ಬಂದಿರುತ್ತಿದ್ದವು. ಕುಶಲಿಗಳ ಕೈಚಳಕಕ್ಕೆ ಗೌರವ ಸಲ್ಲಬೇಕು, ಆದರೆ ಹಾಲು ಹೆಪ್ಪಾಗಿಸುವ ಅಜ್ಜಿಯನ್ನು ಸೂಕ್ಷ್ಮಜೀವಿ ವಿಜ್ಞಾನಿ ಎನ್ನುವುದು ಅಜ್ಜಿಗೂ ವಿಜ್ಞಾನಕ್ಕೂ ಮಾಡುವ ಮರ್ಯಾದೆಯಲ್ಲ. ಕಾರಣ ಗೊತ್ತಿದ್ದವನಿಗೆ ಬಣ್ಣವನ್ನು ಬೇಕಾದ ಕಡೆಗೆ ತಿರುಗಿಸಲು ಬರುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಬಣ್ಣಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲಿ ಬೆಳಕಿಗೊಂದು ಲಕ್ಷ್ಮಣರೇಖೆ ಎಳೆದ. ಮಸೂರ ಎಷ್ಟೇ ಚೆನ್ನಾಗಿದ್ದರೂ ಬೆಳಕನ್ನು ಅದರ ತರಂಗದೂರದ ಸುಮಾರು ಅರ್ಧಕ್ಕಿಂತ ಸಣ್ಣ ಬಿಂದುವಿಗೆ ಕೂಡಿಸಲಾಗದು. ಹಸಿರು ಬೆಳಕಿಗೆ ಇದು ಸುಮಾರು 250 ನ್ಯಾನೊಮೀಟರ್. ಇಂದಿನ ಚಿಪ್ಪಿನ ಒಂದು ಟ್ರಾನ್ಸಿಸ್ಟರಿನ ಪಕ್ಕದಲ್ಲಿ ಇಟ್ಟರೆ ಇದು ಗುಬ್ಬಿಯ ಮುಂದೆ ಆನೆ ನಿಂತಂತೆ. ಆದರೆ ಈ ರೇಖೆ ಅನ್ವಯಿಸುವುದು ದಾರಿ ಹಿಡಿದು ಹೊರಟ ಬೆಳಕಿಗೆ. ಲೋಹದ ಮೈಗೆ ಅಂಟಿ, ಎಲೆಕ್ಟ್ರಾನುಗಳ ತೂಗಾಟವಾಗಿ ಮಾರ್ಪಟ್ಟು ನಿಂತಲ್ಲೇ ನಿಂತ ಬೆಳಕಿಗೆ ಇದು ತಾಗುವುದಿಲ್ಲ. ಎರಡು ಚಿನ್ನದ ಗುಂಡುಗಳನ್ನು ಒಂದೆರಡು ನ್ಯಾನೊಮೀಟರ್ ಅಂತರದಲ್ಲಿಟ್ಟರೆ ಬೆಳಕಿನ ಶಕ್ತಿ ಆ ಸಂದಿಯಲ್ಲಿ ಕಿಕ್ಕಿರಿಯುತ್ತದೆ. ತರಂಗದೂರದ ನೂರರಲ್ಲೊಂದು ಪಾಲಿನ ಜಾಗ ಅದು. ಗಾಜಿಗೆ ಇದು ಸಾಧ್ಯವಿಲ್ಲ, ಅದರಲ್ಲಿ ಹೀಗೆ ಓಡಾಡುವ ಎಲೆಕ್ಟ್ರಾನುಗಳೇ ಇಲ್ಲ.

ಇದಕ್ಕೆ ನಾಟಕೀಯ ಪುರಾವೆ ಸಿಕ್ಕಿದ್ದು ಜರಡಿಯೊಂದರಲ್ಲಿ. ಬೆಳಕಿನ ತರಂಗಕ್ಕಿಂತ ತೀರ ಚಿಕ್ಕ ತೂತಿನಿಂದ ಬೆಳಕು ಹೆಚ್ಚುಕಡಿಮೆ ದಾಟುವುದೇ ಇಲ್ಲ ಎಂದು ಹನ್ಸ್ ಬೆತೆ 1944ರಲ್ಲಿ ಲೆಕ್ಕ ಹಾಕಿ ತೋರಿಸಿದ್ದ. ಜಪಾನಿನ ಎನ್‌ಇಸಿ ಕಂಪನಿಯ ಪ್ರಯೋಗಾಲಯದಲ್ಲಿ ಥಾಮಸ್ ಎಬ್ಬೆಸೆನ್ ಲೋಹದ ಹಾಳೆಯಲ್ಲಿ ಸಾಲುಸಾಲಾಗಿ ತೂತು ಕೊರೆಸಿದಾಗ, 1989ರಲ್ಲಿ, ಹಾಳೆಯ ಆಚೆ ಇರಬಾರದಷ್ಟು ಬೆಳಕು ಕಂಡಿತು. ಒಂಬತ್ತು ವರ್ಷ ಅದಕ್ಕೆ ವಿವರಣೆ ಇರಲಿಲ್ಲ. 1998ರಲ್ಲಿ ಆತ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಬಂಧದಲ್ಲಿ ಬೆಳ್ಳಿಯ ಹಾಳೆಯ 150 ನ್ಯಾನೊಮೀಟರ್ ತೂತುಗಳ ಮೂಲಕ ಹತ್ತಿರಹತ್ತಿರ ಹತ್ತು ಪಟ್ಟು ಉದ್ದದ ತರಂಗ ದಾಟಿತ್ತು. ತೂತುಗಳ ಒಟ್ಟು ವಿಸ್ತೀರ್ಣದ ಮೇಲೆ ಬಿದ್ದ ಬೆಳಕಿಗಿಂತ ಆಚೆ ಬಂದ ಬೆಳಕೇ ಹೆಚ್ಚು! ತೂತಿನ ಸುತ್ತಲಿನ ಲೋಹದ ಮೇಲೆ ಬಿದ್ದ ಬೆಳಕೂ ಪ್ಲಾಸ್ಮಾನ್ ಆಗಿ ಹರಿದು ತೂತಿಗೆ ಇಳಿದಿತ್ತು. ಅಂಗಳಕ್ಕೆ ಬಿದ್ದ ಮಳೆ ಬಚ್ಚಲ ಕಿಂಡಿ ಸೇರಿದ ಹಾಗೆ.

ಆಮೇಲೆ ಉತ್ಸಾಹಕ್ಕೆ ಕಡಿವಾಣ ಉಳಿಯಲಿಲ್ಲ. 2000ದ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯದ ಕ್ಯಾಲ್ಟೆಕ್‌ನಲ್ಲಿ ಹ್ಯಾರಿ ಅಟ್ವಾಟರ್ ಬಳಗ ಈ ವಿದ್ಯೆಗೆ ಪ್ಲಾಸ್ಮಾನಿಕ್ಸ್ ಎಂಬ ಹೆಸರನ್ನು ಚಲಾವಣೆಗೆ ತಂದಿತು. ಅದರ ಭರವಸೆಯನ್ನು ಅಟ್ವಾಟರ್ 2007ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಜನಸಾಮಾನ್ಯರಿಗೆ ತಿಳಿಯುವಂತೆ ವಿವರಿಸಿದರು. ಕನಸು ಸರಳವಾಗಿತ್ತು: ತಾಮ್ರದ ತಂತಿ ಚಿಕ್ಕದು ಆದರೆ ನಿಧಾನ, ಗಾಜಿನ ಎಳೆ ವೇಗದ್ದು ಆದರೆ ದಪ್ಪ. ಲೋಹದ ಎಳೆಯ ಮೇಲೆ ಬೆಳಕನ್ನು ಓಡಿಸಿದರೆ ಎರಡರ ಒಳ್ಳೆಯದೂ ಸಿಕ್ಕಿ, ಬೆಳಕಿನಿಂದಲೇ ಲೆಕ್ಕ ಮಾಡುವ ಚಿಪ್ಪುಗಳು ಬಂದಾವು. ಅಂಥ ಚಿಪ್ಪು ಇವತ್ತಿಗೂ ನಿಮ್ಮ ಫೋನಿನಲ್ಲಿಲ್ಲ. ಕಾರಣ ತೀರ ಹಳೆಯದು. ಲೋಹದಲ್ಲಿ ಎಲೆಕ್ಟ್ರಾನುಗಳು ತಾಕಲಾಡುತ್ತವೆ, ಪ್ರತಿ ತಾಕಲಾಟಕ್ಕೂ ಶಕ್ತಿ ಸ್ವಲ್ಪ ಬಿಸಿಯಾಗಿ ಸೋರುತ್ತದೆ. ಕೆಲವೇ ತೂಗು ತೂಗುವಷ್ಟರಲ್ಲಿ ಜೋಕಾಲಿ ನಿಂತಿರುತ್ತದೆ. ಒಳ್ಳೆಯ ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಅರ್ಧಕ್ಕಿಳಿಯುವ ಮುನ್ನ ಸುಮಾರು 15 ಕಿಲೋಮೀಟರ್ ಹೋಗಿರುತ್ತದೆ. ಚಿನ್ನದ ಮೈಮೇಲೆ ಕಣ್ಣಿಗೆ ಕಾಣುವ ಬೆಳಕು ಅಷ್ಟು ಸೋರಲು ಹತ್ತಾರು ಮೈಕ್ರೊಮೀಟರ್ ಸಾಕು, ಒಂದು ಕೂದಲಿನ ದಪ್ಪ ದಾಟುವುದೂ ಕಷ್ಟ. ಬಿಗಿಯಾಗಿ ಹಿಂಡಿದಷ್ಟೂ ಸೋರಿಕೆ ಹೆಚ್ಚು. ಇದು ತಯಾರಿಕೆಯ ದೋಷವಾಗಿದ್ದರೆ ತಿದ್ದಬಹುದಿತ್ತು. ಬೆಳಕನ್ನು ಹಿಂಡುವುದು ಎಂದರೆ ಅದರ ಶಕ್ತಿಯನ್ನು ಎಲೆಕ್ಟ್ರಾನುಗಳ ಚಲನೆಗೆ ಒಪ್ಪಿಸುವುದು, ಚಲನೆ ಇದ್ದಲ್ಲಿ ತಾಕಲಾಟ ಇದ್ದೇ ಇದೆ. ಹಿಂಡುವಿಕೆಯೂ ಸೋರಿಕೆಯೂ ಒಂದೇ ನಾಣ್ಯದ ಎರಡು ಮುಖ ಎಂದು ಜೇಕಬ್ ಖುರ್ಗಿನ್ ಅವರಂಥ ಭೌತಶಾಸ್ತ್ರಜ್ಞರು ಲೆಕ್ಕ ಸಮೇತ ವಾದಿಸಿದರು.

ಚಿನ್ನ ಹಳದಿ ಏಕೆ?
ಉತ್ತರ ಐನ್‌ಸ್ಟೈನ್ ಬಳಿ ಇದೆ. ಚಿನ್ನದ ಬೀಜಕೇಂದ್ರದಲ್ಲಿ 79 ಪ್ರೋಟಾನುಗಳು. ಅದರ ತೀರ ಹತ್ತಿರ ಸುತ್ತುವ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ಮೀರುತ್ತದೆ. ಸಾಪೇಕ್ಷತೆಯ ಈ ಪರಿಣಾಮದಿಂದ ಹೊರಗಿನ ಎಲೆಕ್ಟ್ರಾನುಗಳ ಮಟ್ಟಗಳೂ ಸರಿದು, ಚಿನ್ನ ನೀಲಿ ಬೆಳಕನ್ನು ಹೀರುತ್ತದೆ. ಇದಿಲ್ಲದಿದ್ದರೆ ಚಿನ್ನವೂ ಬೆಳ್ಳಿಯಂತೆ ಬೆಳ್ಳಗಿರುತ್ತಿತ್ತು.

ಹಾಗಿದ್ದರೆ ಪ್ಲಾಸ್ಮಾನಿಕ್ಸ್ ಸೋತಿತೇ? ಸೋತದ್ದು ಒಂದು ತಪ್ಪು ನಿರೀಕ್ಷೆ ಎಂಬುದು ನನ್ನ ವಾದ. ಲೋಹ ಬೆಳಕಿಗೆ ಬೊಗಸೆ ಇದ್ದ ಹಾಗೆ. ಬೊಗಸೆಯಲ್ಲಿ ನೀರು ಎತ್ತಿ ಕುಡಿಯಬಹುದು, ಬೊಗಸೆಯಲ್ಲೇ ಊರಿಗೆ ನೀರು ಒಯ್ಯುತ್ತೇನೆ ಎಂದರೆ ದಾರಿಯುದ್ದಕ್ಕೂ ಸೋರುತ್ತದೆ. ಎಲ್ಲಿ ಬೆಳಕು ದೂರ ಹೋಗಬೇಕಿಲ್ಲವೋ, ಎಲ್ಲಿ ಒಂದು ಬಿಂದುವಿನಲ್ಲಿ ಅದನ್ನು ಕೂಡಿಹಾಕಿದರೆ ಸಾಕೋ, ಅಲ್ಲೆಲ್ಲ ಲೋಹ ಗೆದ್ದಿದೆ. ಎಲ್ಲಿ ಸೋರಿಕೆಯ ಬಿಸಿಯೇ ಬೇಕಾದ ಫಲವೋ ಅಲ್ಲಿ ಅದಕ್ಕೆ ಎದುರಾಳಿಯೇ ಇಲ್ಲ.

ಪಟ್ಟಿಯ ಗೆರೆಯನ್ನೇ ನೋಡಿ. ಬೆಳಕು ಅಲ್ಲಿ ಎಲ್ಲಿಗೂ ಹೋಗಬೇಕಿಲ್ಲ, ನುಂಗಲ್ಪಟ್ಟರೆ ಆಯಿತು. ಲಯಕ್ಕೆ ಸಿಕ್ಕ ಬೆಳಕನ್ನು ಗುಂಡು ತನ್ನ ಮೈಯಳತೆಗಿಂತ ದೊಡ್ಡ ಬಲೆ ಬೀಸಿ ಹಿಡಿಯುತ್ತದೆ. ಒಂದು ಬಣ್ಣದ ಅಣು ತಡೆಯುವುದಕ್ಕಿಂತ ಇಂಥ ಒಂದು ಗುಂಡು ತಡೆಯುವ ಬೆಳಕು ಹತ್ತಾರು ಸಾವಿರ ಪಟ್ಟು ಹೆಚ್ಚು. ಬಿಸಿಲಿಗೆ ಮಾಸದು, ಕೆಡದು. ಯಂತ್ರ, ವಿದ್ಯುತ್ತು, ಪ್ರಯೋಗಾಲಯ ಯಾವುದೂ ಬೇಡ, ಓದಲು ಕಣ್ಣು ಸಾಕು. ತಾಲ್ಲೂಕು ಆಸ್ಪತ್ರೆಯೂ ದೂರವಿರುವ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯ ಚೀಲಕ್ಕೆ ಹಿಡಿಸುವ ಪ್ಲಾಸ್ಮಾನಿಕ್ ಉಪಕರಣ ಇದೊಂದೇ. ಔಷಧ ಕಂಪನಿಗಳಲ್ಲಿ ಇದರ ಸಿರಿವಂತ ಅಣ್ಣನಿದ್ದಾನೆ. ಸುಮಾರು 50 ನ್ಯಾನೊಮೀಟರ್ ದಪ್ಪದ ಚಿನ್ನದ ಲೇಪದ ಮೇಲೆ ಪ್ಲಾಸ್ಮಾನ್ ಎಬ್ಬಿಸಿ, ಅಣುವೊಂದು ಬಂದು ಅಂಟಿದರೆ ಪ್ರತಿಫಲನದ ಕೋನ ಎಷ್ಟು ಸರಿಯಿತು ಎಂದು ಅಳೆಯುವ ಯಂತ್ರ ಅದು. ಸ್ವೀಡನ್ನಿನಲ್ಲಿ ತಯಾರಾದ ಅದು ಬಯಾಕೋರ್ ಎಂಬ ಹೆಸರಿನಲ್ಲಿ 1990ರಲ್ಲಿ ಮಾರುಕಟ್ಟೆಗೆ ಬಂತು. ಅಲ್ಲೂ ಬೆಳಕಿನ ಕೆಲಸ ಲೋಹದ ಮೈಯಿಂದ ಕೆಲವು ನೂರು ನ್ಯಾನೊಮೀಟರ್ ಒಳಗೇ ಮುಗಿಯುತ್ತದೆ.

ಬೊಗಸೆಯ ಮಾತಿಗೆ ಇದಕ್ಕಿಂತ ಬಲವಾದ ಪುರಾವೆ ರಾಮನ್ ಪರಿಣಾಮದಲ್ಲಿದೆ. 2028ರ ಫೆಬ್ರುವರಿ 28ಕ್ಕೆ ಅದಕ್ಕೆ ನೂರು ವರ್ಷ ತುಂಬಲಿದೆ. ಅಣುವಿಗೆ ತಾಗಿ ಚದುರಿದ ಬೆಳಕಿನಲ್ಲಿ ಒಂದಿಷ್ಟು ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆ ಅಣುವಿನ ಬೆರಳಚ್ಚು. ಕಷ್ಟವೇನೆಂದರೆ ಆ ಪಾಲು ತೀರ ಕಡಿಮೆ, ಸುಮಾರು ಕೋಟಿಗೊಂದು ಫೋಟಾನ್. ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು, 1970ರಲ್ಲಿ ಇಲ್ಲೇ ಕಣ್ಣುಮುಚ್ಚಿದರು. ಕೊನೆಯವರೆಗೂ ಹರಳು, ಹೂವು, ಹಕ್ಕಿಗರಿಗಳ ಬಣ್ಣದ ಹಿಂದೆ ಬಿದ್ದಿದ್ದ ಅವರ ಪರಿಣಾಮವನ್ನು ಲೋಹವೇ ಬೃಹತ್ತಾಗಿ ಹಿಗ್ಗಿಸಿದ್ದು ಅವರು ತೀರಿಕೊಂಡ ನಾಲ್ಕು ವರ್ಷಗಳ ಬಳಿಕ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಮಾರ್ಟಿನ್ ಫ್ಲೈಷ್‌ಮನ್ ಮತ್ತು ಇಬ್ಬರು ಸಂಗಡಿಗರು ಒರಟಾಗಿಸಿದ ಬೆಳ್ಳಿಯ ಮೇಲೆ ಪಿರಿಡಿನ್ ಅಣುಗಳನ್ನಿಟ್ಟಾಗ ರಾಮನ್ ಸಂಕೇತ ಅನಿರೀಕ್ಷಿತವಾಗಿ ಜೋರಾಗಿ ಬಂತು. ಒರಟಾದ್ದರಿಂದ ಮೈ ವಿಸ್ತಾರ ಹೆಚ್ಚಿತು, ಹೆಚ್ಚು ಅಣು ಅಂಟಿತು ಎಂದು ಅವರು ಭಾವಿಸಿದರು. (ಶೀತಲ ಸಮ್ಮಿಲನ ಸಾಧಿಸಿದ್ದೇವೆ ಎಂದು 1989ರಲ್ಲಿ ಘೋಷಿಸಿ ಪೇಚಿಗೆ ಸಿಕ್ಕ ಫ್ಲೈಷ್‌ಮನ್ ಇವರೇ. ಒಮ್ಮೆ ಸಿಕ್ಕ ನಿಧಿಯ ಬೆಲೆಯನ್ನು ಕಡಿಮೆ ಅಂದಾಜಿಸಿದರು, ಇನ್ನೊಮ್ಮೆ ಇಲ್ಲದ ನಿಧಿಯನ್ನು ಕಂಡರು.) 1977ರಲ್ಲಿ ಎರಡು ಬೇರೆ ಬೇರೆ ತಂಡಗಳು, ಅಮೆರಿಕದ ರಿಚರ್ಡ್ ವಾನ್ ಡೈನ್ ಅವರದೊಂದು, ಹೆಚ್ಚಳ ಲಕ್ಷಗಟ್ಟಲೆ ಪಟ್ಟು ಇದೆ, ವಿಸ್ತಾರದ ಲೆಕ್ಕಕ್ಕೆ ಇದು ಕೂರುವುದಿಲ್ಲ ಎಂದು ತೋರಿಸಿದವು. ಗುಟ್ಟು ಲೋಹದ ಸಂದಿಗಳಲ್ಲಿತ್ತು. ಸಂದಿಯಲ್ಲಿ ಬೆಳಕಿನ ಕ್ಷೇತ್ರ 30 ಪಟ್ಟು ಹೆಚ್ಚಿದರೆ ಅಣುವಿಗೆ ತಗಲುವ ಬೆಳಕು ಅದರ ವರ್ಗದಷ್ಟಾಗುತ್ತದೆ. ಅಣು ಚದುರಿಸಿದ ಬೆಳಕನ್ನು ಅದೇ ಸಂದಿ ಮತ್ತೆ ಅಷ್ಟೇ ಪಟ್ಟು ಎತ್ತಿ ಹೊರಗೆಸೆಯುತ್ತದೆ. ನಾಲ್ಕು ಬಾರಿ ಗುಣಿಸಿದ 30, ಅಂದರೆ ಎಂಟು ಲಕ್ಷ ಪಟ್ಟು. 1997ರಲ್ಲಿ ಎರಡು ತಂಡಗಳು ಒಂದೇ ಒಂದು ಅಣುವಿನ ಬೆರಳಚ್ಚು ಓದಿದವು.

ಇಲ್ಲಿ ಪ್ರಾಮಾಣಿಕವಾಗಿ ಒಪ್ಪಬೇಕಾದ ಕೊರತೆಯೊಂದಿದೆ. ಪ್ರಯೋಗಾಲಯದಲ್ಲಿ ಬೆರಗು ಹುಟ್ಟಿಸುವ ಈ ವಿಧಾನ ಆಸ್ಪತ್ರೆಯ ದಿನನಿತ್ಯಕ್ಕೆ ಬಂದಿಲ್ಲ. ಸಂದಿಯ ಅಗಲ ಒಂದು ನ್ಯಾನೊಮೀಟರ್ ಹೆಚ್ಚುಕಡಿಮೆಯಾದರೆ ಸಂಕೇತ ಹತ್ತಾರು ಪಟ್ಟು ಏರಿಳಿಯುತ್ತದೆ. ಇವತ್ತಿನ ಅಳತೆ ನಾಳೆಯದಕ್ಕೆ ತಾಳೆಯಾಗದಿದ್ದರೆ ವೈದ್ಯರು ಏನು ಮಾಡಿಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಗಳೂ ಸೇರಿ ಲೋಕದ ನೂರಾರು ಪ್ರಯೋಗಾಲಯಗಳು ಈ ಕ್ಷೇತ್ರದಲ್ಲಿ ದುಡಿದಿವೆ. ಸಂದಿಯನ್ನು ಒಂದೇ ಸಮನೆ, ಅಗ್ಗವಾಗಿ ಮಾಡುವುದು ಎಲ್ಲರ ತಲೆನೋವು. ಆದರೆ ಇದು ತಯಾರಿಕೆಯ ಕಷ್ಟ. ಚಿಪ್ಪಿನ ಕನಸಿಗೆ ಎದುರಾದ ಭೌತಶಾಸ್ತ್ರದ ಗೋಡೆಯಲ್ಲ.

ಇನ್ನು ಬಿಸಿಯ ಕಥೆ. ಹಾರ್ಡ್ ಡಿಸ್ಕ್ ತಯಾರಕರು ಬಹಳ ಕಾಲದಿಂದ ಇಕ್ಕಟ್ಟಿನಲ್ಲಿದ್ದರು. ಹೆಚ್ಚು ಮಾಹಿತಿ ತುಂಬಲು ಕಾಂತದ ಕಾಳುಗಳನ್ನು ಚಿಕ್ಕದಾಗಿಸಬೇಕು. ಚಿಕ್ಕದಾದರೆ ಕೋಣೆಯ ಸಾಧಾರಣ ಬಿಸಿಗೇ ಅವು ಬರೆದದ್ದನ್ನು ಮರೆಯುತ್ತವೆ. ಮರೆಯದಿರಲಿ ಎಂದು ಕಬ್ಬಿಣ-ಪ್ಲಾಟಿನಮ್ಮಿನಂಥ ಹಟಮಾರಿ ಮಿಶ್ರಲೋಹ ಬಳಸಿದರೆ ಬರೆಯಲಿಕ್ಕೇ ಆಗುವುದಿಲ್ಲ. ಉಪಾಯ ಒಂದೇ, ಬರೆಯುವ ಕ್ಷಣದಲ್ಲಿ ಮಾತ್ರ ಆ ಚುಕ್ಕೆಯನ್ನು 400 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಕ್ಕೆ ಕಾಯಿಸಿ, ಒಡನೆ ತಣಿಸುವುದು. ಕಾಯಿಸಬೇಕಾದ ಚುಕ್ಕೆಯ ಅಗಲ ಕೆಲವು ಹತ್ತು ನ್ಯಾನೊಮೀಟರ್. ಯಾವ ಮಸೂರವೂ ಲೇಸರನ್ನು ಅಷ್ಟು ಚಿಕ್ಕದಾಗಿ ಕೂಡಿಸದು, ಆಬೆಯ ರೇಖೆ ಅಡ್ಡ ನಿಂತಿದೆ. ಬರೆಯುವ ತಲೆಯ ತುದಿಯಲ್ಲಿ ಚಿನ್ನದ ಸೂಕ್ಷ್ಮ ಮೊನೆಯೊಂದನ್ನು ಕೂರಿಸಿ, ಲೇಸರನ್ನು ಅದಕ್ಕೆ ಉಣಿಸಿದರೆ ಪ್ಲಾಸ್ಮಾನ್ ಮೊನೆಯಲ್ಲಿ ಕೂಡಿಕೊಂಡು ಕೆಳಗಿನ ತಟ್ಟೆಯನ್ನು ಸುಡುತ್ತದೆ. 2009ರಲ್ಲಿ ಸೀಗೇಟ್ ಸಂಶೋಧಕರು ಲಾಲಿಪಾಪ್ ಆಕಾರದ ಚಿನ್ನದಿಂದ 70 ನ್ಯಾನೊಮೀಟರ್ ಅಗಲದ ಜಾಡಿನಲ್ಲಿ ಬರೆದು ತೋರಿಸಿದರು. ಅಲ್ಲಿಂದ ಅಂಗಡಿಗೆ ಬರಲು ಹದಿನೈದು ವರ್ಷ ಹಿಡಿಯಿತು. 2024ರ ಜನವರಿಯಲ್ಲಿ ಕಂಪನಿ 30 ಟೆರಾಬೈಟ್‌ಗೂ ಮಿಕ್ಕಿದ ಡಿಸ್ಕುಗಳನ್ನು ಪ್ರಕಟಿಸಿದಾಗ ಅದರ ಬರೆಯುವ ಅಂಗಕ್ಕೆ ಪ್ಲಾಸ್ಮಾನಿಕ್ ಎಂಬ ಪದವನ್ನೇ ಹೆಸರಿಟ್ಟಿತ್ತು. ಕಂಪ್ಯೂಟರಿನ ಮಿದುಳಾಗಲು ಹೊರಟ ವಿದ್ಯೆ ಕೊನೆಗೆ ಅದರ ಕಡತದ ಕೋಣೆಯಲ್ಲಿ ಕೆಲಸ ಹಿಡಿಯಿತು.

ದೇಹದೊಳಗೂ ಇದೇ ಬಿಸಿಯನ್ನು ಬಳಸುವ ಯತ್ನವಿದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹಲಾಸ್ ಮತ್ತು ಜೆನಿಫರ್ ವೆಸ್ಟ್ ಸಿಲಿಕಾ ಗುಂಡಿಗೆ ಚಿನ್ನದ ತೊಗಟೆ ತೊಡಿಸಿ, ಅದರ ಲಯವನ್ನು ಮಾಂಸದೊಳಗೆ ಇಳಿಯಬಲ್ಲ ಅವಕೆಂಪಿಗೆ ಹೊಂದಿಸಿದರು. ಗಡ್ಡೆಯಲ್ಲಿ ಈ ಗುಂಡುಗಳು ಸೇರಿಕೊಂಡ ಮೇಲೆ ಲೇಸರ್ ಹಾಯಿಸಿದರೆ ಗುಂಡು ಇದ್ದಲ್ಲಿ ಮಾತ್ರ ಸುಡುತ್ತದೆ. 2019ರಲ್ಲಿ ಪ್ರಕಟವಾದ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಯೋಗದಲ್ಲಿ 16 ರೋಗಿಗಳ ಪೈಕಿ 15 ಮಂದಿಗೆ ಚಿಕಿತ್ಸೆ ಪೂರ್ಣಗೊಂಡಿತು. ಹದಿನಾರು ಜನರ ಫಲಿತಾಂಶವನ್ನು ಹಿಡಿದು ಕ್ಯಾನ್ಸರಿಗೆ ಬಂಗಾರದ ಮದ್ದು ಎಂದು ಡಂಗುರ ಸಾರಬಾರದು. ಚುಚ್ಚಿದ ಗುಂಡುಗಳಲ್ಲಿ ಗಡ್ಡೆ ಸೇರುವುದು ಕಡಿಮೆ, ಯಕೃತ್ತು ಮತ್ತು ಗುಲ್ಮ ಹಿಡಿದಿಟ್ಟುಕೊಳ್ಳುವುದು ಹೆಚ್ಚು ಎಂಬುದು ಇಡೀ ನ್ಯಾನೊ ವೈದ್ಯಕೀಯದ ಹಳೆಯ ಗೋಳು.

ನನ್ನ ವಾದಕ್ಕೆ ಗಟ್ಟಿಯಾದ ಎದುರುತ್ತರ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಹಿಂಡುವುದಕ್ಕೆ ಲೋಹವೇ ಏಕೆ, ಸೋರದ ವಸ್ತು ಸಾಲದೇ? ಹಾರ್ವರ್ಡಿನ ಫೆಡೆರಿಕೊ ಕಪಾಸೊ ಬಳಗ 2011ರಲ್ಲಿ ಚಿನ್ನದ ಪುಟ್ಟ ಆಂಟೆನಾಗಳನ್ನು ಹರಡಿ ಬೆಳಕನ್ನು ಬೇಕಾದತ್ತ ಬಾಗಿಸಿ ಹೆಸರು ಮಾಡಿತು. ಅದೇ ಬಳಗ 2016ರಲ್ಲಿ ಚಪ್ಪಟೆ ಮಸೂರ ಮಾಡುವಾಗ ಚಿನ್ನವನ್ನು ಕೈಬಿಟ್ಟು ಗೋಡೆಯ ಬಿಳಿ ಬಣ್ಣದಲ್ಲಿರುವ ಟೈಟೇನಿಯಂ ಡೈಆಕ್ಸೈಡಿಗೆ ಹೋಯಿತು. ಇದನ್ನು ಲೋಹದ ಸೋಲಿಗೆ ಸಾಕ್ಷಿ ಎನ್ನುವವರಿದ್ದಾರೆ. ನನಗೆ ಇದು ಬೊಗಸೆಯ ಮಾತನ್ನೇ ಗಟ್ಟಿಮಾಡುವಂತೆ ಕಾಣುತ್ತದೆ: ಮಸೂರದ ಕೆಲಸ ಬೆಳಕನ್ನು ದಾಟಿಸುವುದು, ದಾಟಿಸಬೇಕಾದಲ್ಲಿ ಲೋಹ ಸಲ್ಲದು. ಜ್ಯೂರಿಕ್‌ನ ಇಟಿಎಚ್‌ನಲ್ಲಿ ಯುರ್ಗ್ ಲಾಯ್ಟ್‌ಹೋಲ್ಡ್ ಬಳಗದ ಕೆಲಸ ನನಗೆ ಹೆಚ್ಚು ಕಷ್ಟ ಕೊಡುತ್ತದೆ. ಅವರು ಚಿನ್ನದ ಗೋಡೆಗಳ ನಡುವಿನ ಸೀಳಿನಲ್ಲಿ ಬೆಳಕನ್ನು ಓಡಿಸಿ, ಅದರ ಮೇಲೆ ವಿದ್ಯುತ್ ಸಂಕೇತವನ್ನು ಅತಿ ವೇಗವಾಗಿ ಮುದ್ರಿಸುತ್ತಾರೆ. ಅಂದರೆ ಸಂವಹನದಲ್ಲೂ ಲೋಹ ಕಾಲಿಟ್ಟಿದೆ. ಆದರೆ ಓಟದ ಉದ್ದ ನೋಡಿ, 2014ರ ಸಾಧನದಲ್ಲಿ ಅದು 29 ಮೈಕ್ರೊಮೀಟರ್. ಬೆಳಕು ಸಿಲಿಕಾನಿನಿಂದ ಬಂದು, ಲೋಹದಲ್ಲಿ ಒಂದೇ ಹೆಜ್ಜೆ ಇಟ್ಟು, ಮತ್ತೆ ಸಿಲಿಕಾನಿಗೆ ಹಾರುತ್ತದೆ. ಬೊಗಸೆಯಿಂದ ಬಾಯಿಗೆ ಇರುವಷ್ಟೇ ದೂರ. ಆ ಹೆಜ್ಜೆಯಲ್ಲೂ ಬೆಳಕಿನ ದೊಡ್ಡ ಪಾಲು ಸೋರುತ್ತದೆ, ವೇಗಕ್ಕಾಗಿ ಅವರು ಆ ಸುಂಕ ಕಟ್ಟಲು ಸಿದ್ಧರಿದ್ದಾರೆ.

ಬಿಸಿಯನ್ನೇ ನೆಚ್ಚಿದ್ದಕ್ಕೆ ಚಿನ್ನ ತೆರಬೇಕಾದ ಸುಂಕವೂ ಇದೆ. ಹಾರ್ಡ್ ಡಿಸ್ಕಿನ ಮೊನೆ ತಟ್ಟೆಯನ್ನು ಕಾಯಿಸುವಾಗ ತಾನೂ ಕಾಯುತ್ತದೆ. ಚಿನ್ನ ಮೊದಲೇ ಮೆತ್ತಗಿನ ಲೋಹ, ಕರಗುವುದು 1064 ಡಿಗ್ರಿಯಲ್ಲಿ. ನ್ಯಾನೊ ಗಾತ್ರದಲ್ಲಿ ಅದಕ್ಕಿಂತ ಬಹಳ ಮೊದಲೇ ಮೊನೆ ಮೊಂಡಾಗಿ ಗುಂಡಗಾಗುತ್ತದೆ. ಗುಂಡಗಾದರೆ ಲಯ ತಪ್ಪಿತು, ಲಯ ತಪ್ಪಿದರೆ ಹಿಂಡುವಿಕೆ ಹೋಯಿತು. ಡಿಸ್ಕು ಅಂಗಡಿಗೆ ಬರಲು ಹಿಡಿದ ಹದಿನೈದು ವರ್ಷಗಳಲ್ಲಿ ತಯಾರಕರ ದೊಡ್ಡ ತಲೆನೋವುಗಳಲ್ಲೊಂದು ಈ ಮೊನೆಯನ್ನು ಕಾಪಾಡುವುದಾಗಿತ್ತು. ಹೀಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರಾ ಬೋಲ್ಟಸ್ಸೇವಾ, ವ್ಲಾದಿಮಿರ್ ಶಲಾಯೆವ್ ಮುಂತಾದವರು ಬೇರೊಂದು ವಸ್ತುವನ್ನು ಮುಂದಿಡುತ್ತ ಬಂದಿದ್ದಾರೆ. ಹೆಸರು ಟೈಟೇನಿಯಂ ನೈಟ್ರೈಡ್. ಕರಗಲು ಅದಕ್ಕೆ 2900 ಡಿಗ್ರಿಗೂ ಹೆಚ್ಚು ಬೇಕು, ಉಕ್ಕನ್ನೂ ಗೀರುವಷ್ಟು ಗಟ್ಟಿ. ಅದರ ಎಲೆಕ್ಟ್ರಾನುಗಳು ಬೆಳಕಿಗೆ ಮಿಡಿಯುವ ರೀತಿ ಚಿನ್ನದ್ದನ್ನೇ ಹೋಲುತ್ತದೆ, ಹಾಗಾಗಿ ಅದರ ಬಣ್ಣವೂ ಥೇಟ್ ಬಂಗಾರ. ನೀವೂ ಅದನ್ನು ನೋಡಿರುತ್ತೀರಿ: ಹಾರ್ಡ್‌ವೇರ್ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ, ಡ್ರಿಲ್ ಬಿಟ್ಟುಗಳ ಮೇಲೆ ಬಂಗಾರದ ಬಣ್ಣದ ಲೇಪವಾಗಿ ಅದು ಹೊಳೆಯುತ್ತಿರುತ್ತದೆ.